ಚೈನ್‌ಸಾಗೆ ಯಾವ ಅರ?

ಪ್ರಶ್ನೆ: ಚೈನ್‌ಸಾದ ಚೈನ್ ಮಸೆಯಲು ದುಂಡು ಅರ ಬೇಕು. 4, 4.8, 5.5 ಮಿ.ಮೀ. ಅಂತ ಏನೇನೋ ಅಳತೆ ಇವೆ. ಯಾವುದು ಸರಿ?

ಉತ್ತರ: ಮೆಷಿನ್ ಎಷ್ಟು ದೊಡ್ಡದು ಅನ್ನೋದಲ್ಲ, ಚೈನಿನ ಪಿಚ್, ಅಂದರೆ ಅದರ ಕೊಂಡಿಗಳ ಅಂತರದ ಅಳತೆ ನೋಡಿ. ಸಾಮಾನ್ಯವಾಗಿ ಬಾರ್ (ಚೈನ್ ಸುತ್ತುವ ಉದ್ದನೆಯ ಪಟ್ಟಿ) ಮೇಲೆ ಬರೆದಿರುತ್ತದೆ. ಅಳಿಸಿಹೋಗಿದ್ದರೆ ಸಾಲಾಗಿರುವ ಮೂರು ರಿವೆಟ್‌ಗಳಲ್ಲಿ ಮೊದಲನೆಯದರ ನಡುವಿನಿಂದ ಮೂರನೆಯದರ ನಡುವಿನವರೆಗೆ ಅಳೆದು ಅರ್ಧ ಮಾಡಿ, ಅದೇ ಪಿಚ್. 0.325 ಇಂಚಿಗೆ ಸಾಮಾನ್ಯವಾಗಿ 4.8 ಮಿ.ಮೀ. ಅರ. ಜಾಸ್ತಿ ಜನ ಎಡವುವುದು 3/8 ಇಂಚಿನಲ್ಲಿ. ಸಣ್ಣ ಮೆಷಿನ್‌ಗಳ ಲೋ ಪ್ರೊಫೈಲ್ (ಎತ್ತರ ಕಮ್ಮಿ ಇರುವ) ಚೈನ್‌ಗೆ ಹೆಚ್ಚಾಗಿ 4, ದೊಡ್ಡ ಚೈನ್‌ಗೆ 5.2 ಅಥವಾ 5.5. ಚೈನ್ ಡಬ್ಬಿ ಉಳಿದಿದ್ದರೆ ಅದರ ಮೇಲಿನ ಅಳತೆಯನ್ನೇ ನಂಬಿ.

ಅರವನ್ನು ಹಲ್ಲಿನ ಗುಳಿಯಲ್ಲಿಟ್ಟು ನೋಡಿ, ಅರದ ದಪ್ಪದ ಐದನೇ ಒಂದು ಭಾಗ ಹಲ್ಲಿಗಿಂತ ಮೇಲೆ ಕಾಣಬೇಕು. ತೀರಾ ಸಣ್ಣದಾದರೆ ಹಲ್ಲು ಕೊಕ್ಕೆಯಾಗಿ ಬೇಗ ಮೊಂಡಾಗುತ್ತದೆ. ದಪ್ಪದ್ದಾದರೆ ಮರ ಕಚ್ಚುವುದೇ ಇಲ್ಲ, ಸುಮ್ನೆ ಉಜ್ಜಿ ಪುಡಿ ಉದುರಿಸುತ್ತದೆ.