ಮನೆಯೊಳಗಿನ ಕಾರ್ಯಕ್ರಮಗಳಿಗೆ 50 ಎಂಎಂ 1.8 ಲೆನ್ಸ್ ತಗೊಳ್ಳಬಹುದಾ?

ನೀವು ಹಾವೇರಿ ಹತ್ತಿರದ ಹಳ್ಳಿಯವರು. ಕ್ಯಾನನ್ 1500ಡಿ ಇದೆ, ಅದರ ಜೊತೆ ಬಂದ 18-55 ಲೆನ್ಸ್ (ಕಿಟ್ ಲೆನ್ಸ್ ಅಂತಾರೆ) ಇದೆ. ಮನೆಯೊಳಗೆ ಕುಬಸ (ಸೀಮಂತ), ತೊಟ್ಟಿಲು ಕಾರ್ಯಕ್ರಮದ ಫೋಟೋ ತೆಗೆದರೆ ಎಲ್ಲಾ ಅಲುಗಾಡಿದ ಹಾಗೆ ಬರುತ್ತವೆ ಅಂತ ಬರೆದಿದ್ದೀರಿ. ಅಂಗಡಿಯವರು ಫ್ಲ್ಯಾಶ್ ತಗೋ ಅಂದಿದ್ದಾರೆ, ಗೆಳೆಯರು 50 ಎಂಎಂ 1.8 ತಗೋ ಅಂದಿದ್ದಾರೆ. ಯಾರ ಮಾತು ಕೇಳಲಿ ಅಂತ ನಿಮ್ಮ ಪ್ರಶ್ನೆ.

ನಾನು ಗದಗದಲ್ಲಿ ಫೋಟೋ ತೆಗೆಯುವ ಕೆಲಸ ಮಾಡುತ್ತೇನೆ. ಜಾಸ್ತಿ ಆರ್ಡರ್ ಬರೋದು ಮನೆಯೊಳಗಿನ ಕಾರ್ಯಕ್ರಮಗಳದ್ದೇ. ಗೆಳೆಯರ ಮಾತು ಕೇಳಿ. ಆದರೆ ದುಡ್ಡು ಕೊಡುವ ಮುಂಚೆ ನಿಮ್ಮ ಪಡಸಾಲೆ ಎಷ್ಟು ಉದ್ದ ಇದೆ ಅಂತ ಒಂದು ಸಲ ಅಳೆದು ನೋಡಿ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಮೊದಲು, ಫೋಟೋ ಯಾಕೆ ಅಲುಗಾಡುತ್ತಿದೆ ಅನ್ನೋದು. ನಿಮ್ಮ 18-55 ಲೆನ್ಸನ್ನು 55ಕ್ಕೆ ತಿರುಗಿಸಿದರೆ ಅದರ ಬಾಯಿ, ಅಂದರೆ ಅಪರ್ಚರ್, 5.6ಕ್ಕಿಂತ ಜಾಸ್ತಿ ತೆರೆಯೋದಿಲ್ಲ. ಈ ಸಂಖ್ಯೆ ಚಿಕ್ಕದಾದಷ್ಟೂ ಬಾಯಿ ದೊಡ್ಡದು. 1.8ಕ್ಕೆ ತೆರೆಯುವ ಲೆನ್ಸ್ ಅದಕ್ಕಿಂತ ಸುಮಾರು 10 ಪಟ್ಟು ಬೆಳಕು ಒಳಗೆ ಬಿಡುತ್ತದೆ. ಲೆಕ್ಕ ಹೀಗೆ ಹಾಕಿ. ಒಂದು ಟ್ಯೂಬ್‌ಲೈಟ್ ಇರುವ ಕೋಣೆಯಲ್ಲಿ, ಐಎಸ್‌ಒ (ಕ್ಯಾಮೆರಾ ಬೆಳಕಿಗೆ ಎಷ್ಟು ಸೂಕ್ಷ್ಮ ಅನ್ನುವ ಅಳತೆ) 1600 ಇಟ್ಟಾಗ, ನಿಮ್ಮ ಕ್ಯಾಮೆರಾ ಶಟರ್ ಸ್ಪೀಡ್ 1/10 ಸೆಕೆಂಡ್ ತೋರಿಸುತ್ತಿದೆ ಅಂದುಕೊಳ್ಳಿ. ಅದೇ ಕೋಣೆ, ಅದೇ ಐಎಸ್‌ಒ, ಲೆನ್ಸ್ ಮಾತ್ರ 1.8 ಆದರೆ 1/100 ಸಿಗುತ್ತದೆ. ಆರತಿ ಎತ್ತುವ ಕೈ 1/10ರಲ್ಲಿ ಖಂಡಿತ ನಿಲ್ಲೋದಿಲ್ಲ. 1/100ರಲ್ಲಿ ಹೆಚ್ಚುಕಡಿಮೆ ನಿಲ್ಲುತ್ತದೆ.

"ನನ್ನ ಲೆನ್ಸ್‌ನಲ್ಲಿ ಸ್ಟೆಬಿಲೈಸರ್ ಇದೆಯಲ್ಲ" ಅಂತ ಕೇಳಬಹುದು. ಅದು ನಿಮ್ಮ ಕೈ ನಡುಕ ತಡೆಯುತ್ತದೆ. ಎದುರಿಗಿರುವ ಕೂಸು ಕಾಲು ಬಡಿಯೋದನ್ನು ತಡೆಯೋದಿಲ್ಲ.

ಫ್ಲ್ಯಾಶ್ ಕೆಟ್ಟದ್ದಲ್ಲ. ಬಿಳಿ ಸೀಲಿಂಗ್ ಇರುವ ಆರ್‌ಸಿಸಿ ಮನೆಯಲ್ಲಿ, ಮೇಲಕ್ಕೆ ತಿರುಗಿಸಿ ಹೊಡೆದರೆ ಚೆನ್ನಾಗಿ ಬರುತ್ತದೆ. ಆದರೆ ನಮ್ಮ ಕಡೆಯ ಹಳೆಯ ಮಾಳಿಗೆ ಮನೆಗಳಲ್ಲಿ ಮೇಲೆ ಏನಿರುತ್ತದೆ? ಹೊಗೆ ಹಿಡಿದು ಕಪ್ಪಾದ ಜಂತಿ. ಅಲ್ಲಿಂದ ಬೆಳಕು ವಾಪಸ್ ಬರೋದೇ ಇಲ್ಲ. ನೇರ ಮುಖಕ್ಕೆ ಹೊಡೆದರೆ ಹಣೆ ಮಿಂಚುತ್ತದೆ, ಹಿಂದಿನ ಗೋಡೆ ಮೇಲೆ ನೆರಳು ಅಂಟಿಕೊಳ್ಳುತ್ತದೆ. ಇನ್ನೊಂದು ನಷ್ಟವೂ ಇದೆ. ಅಂಥ ಮನೆಯಲ್ಲಿ ಬೆಳಕಿಂಡಿ ಇರುತ್ತದಲ್ಲ, ಅದರ ಬೆಳಕನ್ನು ಫ್ಲ್ಯಾಶ್ ಅಳಿಸಿಬಿಡುತ್ತದೆ.

ನಾನು ಈ ಲೆನ್ಸನ್ನು ಇಷ್ಟು ಹಚ್ಚಿಕೊಂಡಿದ್ದೇ ಬೆಳಕಿಂಡಿಯಿಂದ. ರೋಣದ ಕಡೆ ಒಂದು ಹಳ್ಳಿ ಮನೆ. ಬೆಳಿಗ್ಗೆ ಹತ್ತರ ಹೊತ್ತು. ಅಡುಗೆಮನೆಯಲ್ಲಿ ಒಬ್ಬ ಅಜ್ಜಿ ರೊಟ್ಟಿ ಬಡಿಯುತ್ತಿದ್ದರು. ಮಾಳಿಗೆಯ ಕಿಂಡಿಯಿಂದ ಬಿದ್ದ ಬಿಸಿಲು ಹಿಟ್ಟು ನಾದುವ ಕೊಣಮಿಗೆಯ ಪಕ್ಕ ನೆಲದ ಮೇಲೆ ರೊಟ್ಟಿಯಷ್ಟೇ ಅಗಲಕ್ಕೆ ಕೂತಿತ್ತು. ನೆಲಕ್ಕೆ ಬಿದ್ದ ಆ ಬೆಳಕು ಮೇಲಕ್ಕೆ ಪುಟಿದು ಅವರ ಗದ್ದ, ಮೂಗುತಿ, ಕೆನ್ನೆಯ ಸುಕ್ಕುಗಳ ಮೇಲೆ ಆಡುತ್ತಿತ್ತು. ಹಿಟ್ಟಿನ ಧೂಳು ಬಿಸಿಲ ಕೋಲಿನಲ್ಲಿ ತೇಲುತ್ತಿತ್ತು. ಅಪರ್ಚರ್ 2, ಶಟರ್ 1/125, ಐಎಸ್‌ಒ 800. ಕೈ ರೊಟ್ಟಿಗೆ ಬೀಳುವ ಹೊತ್ತಿಗೆ ಸ್ವಲ್ಪ ಮಸುಕು, ಮುಖ ಮಾತ್ರ ನಿಚ್ಚಳ. ಕೋಣೆ ಎಷ್ಟು ಕತ್ತಲಿತ್ತೋ ಫೋಟೋದಲ್ಲೂ ಅಷ್ಟೇ ಕತ್ತಲಿದೆ. ಆ ಮನೆ ಹಾಗೇ ಇದೆ ಅಂತ ನೋಡಿದವರಿಗೆ ಗೊತ್ತಾಗುತ್ತದೆ. ಕಿಟ್ ಲೆನ್ಸ್‌ನಲ್ಲಿ ಆ ಫೋಟೋ ನನಗೆ ಸಿಗುತ್ತಿರಲಿಲ್ಲ.

ಈಗ ಪಡಸಾಲೆ ಅಳೆಯುವ ವಿಷಯ. ನಿಮ್ಮ 1500ಡಿ ಒಳಗಿನ ಸೆನ್ಸರ್ ಚಿಕ್ಕದು. 50 ಎಂಎಂ ಲೆನ್ಸ್ ಅದರ ಮೇಲೆ ದೊಡ್ಡ ಸೆನ್ಸರ್ ಇರುವ ಫುಲ್ ಫ್ರೇಮ್ ಕ್ಯಾಮೆರಾದ 80 ಎಂಎಂ ಹಾಗೆ ಕಾಣಿಸುತ್ತದೆ. 10 ಅಡಿ ದೂರದಲ್ಲಿ ನಿಂತರೆ ಫ್ರೇಮಿನ ಅಗಲಕ್ಕೆ ಸುಮಾರು ನಾಲ್ಕೂವರೆ ಅಡಿ ಜಾಗ ಹಿಡಿಯುತ್ತದೆ, ಅಷ್ಟೇ. ಇಬ್ಬರು ಆರಾಮಾಗಿ, ಮೂವರು ಒತ್ತಿಕೊಂಡು. ಒಬ್ಬರನ್ನು ತಲೆಯಿಂದ ಪಾದದವರೆಗೆ ಹಿಡಿಯಲು ಕ್ಯಾಮೆರಾ ಉದ್ದಕ್ಕೆ ನಿಲ್ಲಿಸಿ ಹಿಡಿದರೂ 14 ಅಡಿ ಹಿಂದೆ ಹೋಗಬೇಕು. ಕುಬಸದ ಮನೆಯಲ್ಲಿ ಐದು ಜನ ಮುತ್ತೈದೆಯರು, ಕುರ್ಚಿಯಲ್ಲಿ ಬಸುರಿ, ಪಕ್ಕದಲ್ಲಿ ಅತ್ತೆ. ನಿಮ್ಮ ಬೆನ್ನು ಗೋಡೆಗೆ ತಾಗಿದರೂ ಎಲ್ಲರೂ ಫ್ರೇಮಿಗೆ ಬರೋದಿಲ್ಲ. ಹಾಗಾಗಿ 18-55 ಮಾರಬೇಡಿ. ಗುಂಪಿಗೆ ಅದು, ಮುಖಕ್ಕೆ ಇದು.

ನಿಮ್ಮ ಕಡೆ ಬರೀ ಚಿಕ್ಕ ಕೋಣೆಗಳೇ ಇದ್ದರೆ ಕ್ಯಾನನ್‌ನ 24 ಎಂಎಂ 2.8 ಇದೆ, ದೋಸೆ ಹಾಗೆ ತೆಳ್ಳಗೆ ಇರುತ್ತದೆ. ಬೆಳಕು 50 ಎಂಎಂ ಲೆನ್ಸಿನಷ್ಟು ಬಿಡೋದಿಲ್ಲ, ಆದರೆ ಕೋಣೆಯೊಳಗೆ ಕೂರುತ್ತದೆ. ನಿಕಾನ್‌ನ ಚಿಕ್ಕ ಸೆನ್ಸರ್ ಕ್ಯಾಮೆರಾ ಇರುವವರು ಇದನ್ನು ಓದುತ್ತಿದ್ದರೆ, ನಿಮಗೆ ಡಿಎಕ್ಸ್ 35 ಎಂಎಂ 1.8 ಇದೆ. ಅಂಥದ್ದು ಕ್ಯಾನನ್‌ಗೂ ಸಿಗುತ್ತಿದ್ದರೆ ನಾನು 50ಕ್ಕೆ ಹೋಗುತ್ತಲೇ ಇರಲಿಲ್ಲ.

ಪರೀಕ್ಷೆ ಸುಲಭ. ನಿಮ್ಮ 18-55 ಅನ್ನು 50ರ ಆಸುಪಾಸಿಗೆ ತಿರುಗಿಸಿ ಒಂದು ಸಣ್ಣ ಟೇಪ್ ಹಚ್ಚಿ. ಒಂದು ವಾರ ಆ ಟೇಪ್ ಬಿಚ್ಚದೆ ಹಾಗೇ ಫೋಟೋ ತೆಗೆಯಿರಿ. ಉಸಿರು ಕಟ್ಟಿದ ಹಾಗೆ ಆದರೆ 24 ತಗೊಳ್ಳಿ.

ಇನ್ನು ನನ್ನ ಕೈಯಲ್ಲಿ ಆದ ತಪ್ಪು. ನೀವು ಅದನ್ನು ಮಾಡಬಾರದು ಅಂತ ಪೂರ್ತಿ ಬರೆಯುತ್ತಿದ್ದೇನೆ.

ಲೆನ್ಸ್ ತಗೊಂಡ ಹೊಸತು. ಬೆಟಗೇರಿಯಲ್ಲಿ ಒಂದು ಕುಬಸ. ಎಲ್ಲಾ ಫೋಟೋ 1.8ರಲ್ಲೇ ತೆಗೆದೆ, ಹಿಂದಿನದೆಲ್ಲ ಬೆಣ್ಣೆ ಹಾಗೆ ಕರಗಿ ಕಾಣುತ್ತಿತ್ತು. ಉಡಿ ತುಂಬುವಾಗ ಬಸುರಿಯ ಅಜ್ಜಿ ಹಿಂದಿನಿಂದ ಬಗ್ಗಿ ಮೊಮ್ಮಗಳ ತಲೆಗೆ ಹೂವಿನ ದಂಡೆ ಮುಡಿಸಿದರು. ಏನೋ ಅಂದರು, ಇಬ್ಬರೂ ನಕ್ಕರು. ನಾನು ಏಳು ಅಡಿ ದೂರದಲ್ಲಿ ನೇರ ಎದುರಿಗಿದ್ದೆ. ಫೋಕಸ್ ಮೊಮ್ಮಗಳ ಕಣ್ಣಿನ ಮೇಲೆ ಸರಿಯಾಗಿ ಬಿತ್ತು. ಒಂದೊಂದು ರೆಪ್ಪೆಗೂದಲು ಎಣಿಸಬಹುದು. ಒಂದು ಅಡಿ ಹಿಂದಿದ್ದ ಅಜ್ಜಿಯ ಮುಖ ಮಂಜಿನೊಳಗೆ ಹೋಗಿತ್ತು.

ನಾಲ್ಕು ತಿಂಗಳು ಬಿಟ್ಟು ಆ ಮನೆಯವರು ಬಂದರು. ಅಜ್ಜಿ ತೀರಿಕೊಂಡಿದ್ದರು. "ಅಣ್ಣಾರ, ನಮ್ಮ ಆಯಿ ನಕ್ಕಿದ್ದು ಇದರಾಗಷ್ಟ ಐತ್ರಿ, ದೊಡ್ಡದು ಮಾಡಿ ಕೊಡ್ರಿ" ಅಂದರು. ಮುಖವೇ ಮೂಡದ ಫೋಟೋವನ್ನು ಎಷ್ಟು ದೊಡ್ಡದು ಮಾಡಿದರೇನು? ಯಾವ ಲ್ಯಾಬ್‌ನಲ್ಲೂ ಅದು ಸರಿಯಾಗೋದಿಲ್ಲ. ಅವರ ಮುಖ ನೋಡಿ ಅದನ್ನು ಹೇಳೋದು ನನಗೆ ಬಹಳ ಕಷ್ಟ ಆಯಿತು.

ಅವತ್ತು ರಾತ್ರಿ ಕೂತು ಲೆಕ್ಕ ಹಾಕಿದೆ. ನಮ್ಮಂಥ ಚಿಕ್ಕ ಸೆನ್ಸರ್ ಕ್ಯಾಮೆರಾಗಳ ಮೇಲೆ, 2 ಮೀಟರ್ ದೂರದಲ್ಲಿ, 1.8ರಲ್ಲಿ ನಿಚ್ಚಳವಾಗಿ ಬರುವ ಆಳ ಸುಮಾರು 11 ಸೆಂ.ಮೀ. ಅಂದರೆ ಅರ್ಧ ಗೇಣು. ಅಪರ್ಚರ್ 4 ಇಟ್ಟರೆ ಒಂದು ಗೇಣು. 1 ಮೀಟರ್ ಹತ್ತಿರ ಹೋದರೆ 1.8ರಲ್ಲಿ 3 ಸೆಂ.ಮೀ. ಕೂಡ ಇಲ್ಲ, ಮುಖ ಸ್ವಲ್ಪ ತಿರುಗಿದ್ದರೆ ಒಂದು ಕಣ್ಣು ನಿಚ್ಚಳ ಇರುತ್ತದೆ, ಇನ್ನೊಂದು ಇರೋದಿಲ್ಲ. ಅಷ್ಟೇ ಅಲ್ಲ, ನಾನು ನೇರ ಎದುರಿಗೆ ನಿಲ್ಲದೆ ಸುತ್ತಿ ಹೋಗಿ ಅವರ ಪಕ್ಕದ ಬದಿಯಿಂದ ತೆಗೆದಿದ್ದರೆ ಅಜ್ಜಿ ಮತ್ತು ಮೊಮ್ಮಗಳ ಮುಖ ನನ್ನಿಂದ ಹೆಚ್ಚುಕಡಿಮೆ ಒಂದೇ ದೂರದಲ್ಲಿ ಇರುತ್ತಿದ್ದವು. ಆಗ 2.8ರಲ್ಲೇ ಇಬ್ಬರೂ ಬರುತ್ತಿದ್ದರು.

ಈಗ ಮನೆಯೊಳಗೆ ಹೋದ ತಕ್ಷಣ ಎಲ್ಲಿ ನಿಲ್ಲಬೇಕು ಅಂತ ನೋಡುತ್ತೇನೆ. ಅಪರ್ಚರ್ ಆಮೇಲೆ. ಒಬ್ಬರೇ ಇದ್ದರೆ 2 ಅಥವಾ 2.2, ಇಬ್ಬರಿದ್ದರೆ 2.8ರಿಂದ 4. ಅದಕ್ಕಾಗಿ ಐಎಸ್‌ಒ 3200ಕ್ಕೆ ಏರಿಸಬೇಕಾದರೆ ಏರಿಸುತ್ತೇನೆ. ಐಎಸ್‌ಒ ಏರಿಸಿ ಕಾಳು ಕಾಳಾದ (ಗ್ರೇನ್ಸ್ ಬಂದ) ಫೋಟೋವನ್ನು ಯಾರೂ ವಾಪಸ್ ತಂದಿಲ್ಲ.

ಫೋಕಸ್ ಬಗ್ಗೆ ಇನ್ನೊಂದು ಮಾತು. 1500ಡಿಯಲ್ಲಿ 9 ಫೋಕಸ್ ಪಾಯಿಂಟ್ ಇವೆ. ಅದರಲ್ಲಿ ನಡುವಿನದೊಂದೇ ಗಟ್ಟಿ. ಮಬ್ಬು ಬೆಳಕಲ್ಲಿ ಅಂಚಿನವು ಹುಡುಕಾಡುತ್ತವೆ. ನಡುವಿನದನ್ನೇ ಆರಿಸಿ ಕಣ್ಣಿನ ಮೇಲೆ ಇಡಿ. ಕೆಲವರು ಫೋಕಸ್ ಹಿಡಿದು ಆಮೇಲೆ ಕ್ಯಾಮೆರಾ ತಿರುಗಿಸಿ ಫ್ರೇಮ್ ಮಾಡುತ್ತಾರೆ. 1.8ರಲ್ಲಿ, ಹತ್ತಿರದಲ್ಲಿ, ಆ ತಿರುಗಿಸುವಾಗಲೇ ಫೋಕಸ್ ಕಣ್ಣು ಬಿಟ್ಟು ಕಿವಿಗೆ ಹೋಗುತ್ತದೆ. ಸುತ್ತ ಸ್ವಲ್ಪ ಜಾಗ ಬಿಟ್ಟು ತೆಗೆದು ಆಮೇಲೆ ಅಂಚು ಕತ್ತರಿಸಿ (ಕ್ರಾಪ್ ಮಾಡಿ). 24 ಮೆಗಾಪಿಕ್ಸೆಲ್ ಇದೆ, ಆಲ್ಬಮ್‌ಗೆ ಧಾರಾಳ ಸಾಕು.

ಅಗ್ಗದ ಎಲ್‌ಇಡಿ ಬಲ್ಬ್, ಸೀರಿಯಲ್ ಸೆಟ್ ಇರುವ ಮನೆಯಲ್ಲಿ ಶಟರ್ 1/100ಕ್ಕಿಂತ ಬಹಳ ಮೇಲೆ ಹೋಗಬೇಡಿ. ನಮ್ಮ ಕರೆಂಟ್ 50 ಹರ್ಟ್ಸ್. ಆ ದೀಪಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ, 1/500 ಇಟ್ಟರೆ ಫೋಟೋದಲ್ಲಿ ಅಡ್ಡ ಪಟ್ಟಿ ಬರುತ್ತವೆ.

ಹೊರಗೆ ಇದರ ಕಥೆ ಬೇರೆ. ಬ್ಯಾಡಗಿ ನಿಮಗೆ ಹತ್ತಿರವೇ ಅಲ್ವಾ? ಮೆಣಸಿನಕಾಯಿ ರಾಶಿ ನಡುವೆ ಸುಡು ಬಿಸಿಲಲ್ಲಿ 1.8 ಇಟ್ಟರೆ ಐಎಸ್‌ಒ 100ರಲ್ಲೂ ಫೋಟೋ ಬೆಳ್ಳಗಾಗುತ್ತದೆ. ನಿಮ್ಮ ಕ್ಯಾಮೆರಾದ ಶಟರ್ 1/4000ಕ್ಕೆ ನಿಲ್ಲುತ್ತದೆ, ಅಲ್ಲಿ ಅದರ ಎರಡು ಪಟ್ಟು ಬೇಕು. 2.8ರ ಮೇಲೆ ಹೋಗಿ. ಕೆಂಪು ಬಣ್ಣ ಬೇಗ ತುಂಬಿ ಚಪ್ಪಟೆ ಆಗುತ್ತದೆ, ಎಕ್ಸ್‌ಪೋಶರ್ ಸ್ವಲ್ಪ ಇಳಿಸಿ. ಆಗ ಕಾಯಿಯ ಮೇಲಿನ ಸುಕ್ಕು ಕಾಣುತ್ತದೆ. ಮತ್ತೆ, ಆ ಧೂಳಿನಲ್ಲಿ ಲೆನ್ಸ್ ಮಾತ್ರ ಬಿಚ್ಚಬೇಡಿ.

ಲಕ್ಕುಂಡಿಗೂ ಇದನ್ನು ಒಯ್ಯುತ್ತೇನೆ, ಗದಗದಿಂದ 12 ಕಿ.ಮೀ. ಅಷ್ಟೇ. ಅತ್ತಿಮಬ್ಬೆ ಕಟ್ಟಿಸಿದ ಬ್ರಹ್ಮ ಜಿನಾಲಯದ ಒಳಗೆ ನಾಲ್ಕು ಮುಖದ ಬ್ರಹ್ಮನ ಮೂರ್ತಿ ಇದೆ. ಬಾಗಿಲಿನಿಂದ ಬರುವ ಬೆಳಕು ಒಂದು ಬದಿಗೆ ಮಾತ್ರ ತಾಗುತ್ತದೆ. ಟ್ರೈಪಾಡ್‌ಗೆ ಅನುಮತಿ ಬೇಕು. ಕೈಯಲ್ಲೇ ಹಿಡಿದು 2.8, 1/60, ಐಎಸ್‌ಒ 1600ರಲ್ಲಿ ತೆಗೆದೆ. ಈ ಲೆನ್ಸ್‌ಗೆ ಸ್ಟೆಬಿಲೈಸರ್ ಇಲ್ಲ, ಹಾಗಾಗಿ ಕಂಬಕ್ಕೆ ಹೆಗಲು ಒರಗಿಸಿ ಉಸಿರು ಹಿಡಿದು ಒತ್ತಬೇಕು. ನಿಜ ಹೇಳಬೇಕೆಂದರೆ ಕಲ್ಲು ಅಲುಗಾಡೋದಿಲ್ಲ, ಅಲ್ಲಿ ನಿಮ್ಮ ಕಿಟ್ ಲೆನ್ಸ್ ಕೂಡ ನಡೆಯುತ್ತದೆ. ಗುಡಿ ಫೋಟೋಗೆ ಅಂತಲೇ ಇದನ್ನು ಕೊಳ್ಳಬೇಡಿ.

ಹುಬ್ಬಳ್ಳಿಯಲ್ಲಿ ಸೆಕೆಂಡ್ ಹ್ಯಾಂಡ್ ನೋಡುತ್ತೀರಿ ಅಂದರೆ, ಕ್ಯಾನನ್‌ನಲ್ಲಿ ಹೆಚ್ಚಾಗಿ ಎರಡು ಥರ ಸಿಗುತ್ತವೆ. ಹಳೆಯದು 1990ರದ್ದು, ಕ್ಯಾಮೆರಾಕ್ಕೆ ಕೂರುವ ಬಳೆ ಪ್ಲಾಸ್ಟಿಕ್, 45 ಸೆಂ.ಮೀ.ಗಿಂತ ಹತ್ತಿರ ಹೋಗೋದಿಲ್ಲ. 2015ರಲ್ಲಿ ಬಂದದ್ದರ ಮೇಲೆ ಎಸ್‌ಟಿಎಂ ಅಂತ ಬರೆದಿರುತ್ತದೆ, ಬಳೆ ಲೋಹದ್ದು, 35 ಸೆಂ.ಮೀ.ವರೆಗೆ ಹತ್ತಿರ ಹೋಗುತ್ತದೆ. ಕೂಸಿನ ಬೆರಳು, ಬೆಳ್ಳಿ ಕಾಲ್ಗಡಗ ತೆಗೆಯಲು ಆ 10 ಸೆಂ.ಮೀ. ಬಹಳ ಉಪಯೋಗ. ಈ ಎಸ್‌ಟಿಎಂ ಅನ್ನೇ ನೋಡಿ. ಟಾರ್ಚ್ ಬೆಳಕು ಬಿಟ್ಟು ಗಾಜಿನ ಒಳಗೆ ನೋಡಿ, ಜೇಡರ ಬಲೆ ಹಾಗೆ ಗೆರೆ ಕಂಡರೆ ಅದು ಫಂಗಸ್, ಎಷ್ಟು ಕಡಿಮೆಗೆ ಕೊಟ್ಟರೂ ಬೇಡ. ಮಳೆಗಾಲದಲ್ಲಿ ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ ಇಡಿ.

ಪಡಸಾಲೆ ಅಳೆದು ಎಷ್ಟು ಅಡಿ ಅಂತ ಕೆಳಗೆ ಬರೆಯಿರಿ, ಕಿಟಕಿ ಯಾವ ಕಡೆ ಇದೆ ಅಂತಲೂ ಹೇಳಿ. ಎಲ್ಲಿ ನಿಂತರೆ ಒಳ್ಳೆಯದು ಅಂತ ನೋಡೋಣ.