ಪದ ವಿಚಾರ: ‘ಮಸ್ಟರ್’ ಎಂದರೆ ಬರಿಯ ಸೇರಿಸುವಿಕೆಯೇ?

ಪ್ರಶ್ನೆ: ‘ಮಸ್ಟರ್’ ಎಂಬ ಇಂಗ್ಲಿಷ್ ಕ್ರಿಯಾಪದಕ್ಕೆ ನನ್ನಲ್ಲಿರುವ ನಿಘಂಟು ‘ಒಟ್ಟುಗೂಡಿಸು, ಸೇರಿಸು’ ಎಂಬ ಅರ್ಥವನ್ನಷ್ಟೇ ಕೊಡುತ್ತದೆ. ಆದರೆ ಇಂಗ್ಲಿಷ್ ಪತ್ರಿಕೆಗಳಲ್ಲಿ ಬಹುಮತವನ್ನೂ ಕಥೆಗಳಲ್ಲಿ ಧೈರ್ಯವನ್ನೂ ‘ಮಸ್ಟರ್’ ಮಾಡುತ್ತಾರೆ. ಹಡಗುಗಳಲ್ಲಿ ‘ಮಸ್ಟರ್ ಸ್ಟೇಷನ್’ ಇರುತ್ತದೆ. ಕೆಲಸಗಾರರ ಹಾಜರಿ ಪಟ್ಟಿಗೆ ‘ಮಸ್ಟರ್ ರೋಲ್’ ಎನ್ನುತ್ತಾರೆ. ಇವೆಲ್ಲವುಗಳ ಮೂಲ ಒಂದೇ ಏನು? ‘ಗ್ಯಾದರ್’ ಎನ್ನುವ ಕಡೆಯಲ್ಲೆಲ್ಲ ಇದನ್ನು ಬಳಸಬಹುದೆ?

ಉತ್ತರ: ಮೂಲ ಒಂದೇ. ಆದರೆ ‘ಗ್ಯಾದರ್’ ಇರುವ ಕಡೆಯಲ್ಲೆಲ್ಲ ಇದನ್ನು ಬಳಸಲು ಬರುವುದಿಲ್ಲ. ನಿಮ್ಮ ನಿಘಂಟು ತಪ್ಪು ಹೇಳಿಲ್ಲ, ಅರ್ಧ ಹೇಳಿ ನಿಲ್ಲಿಸಿದೆ. ಈ ಪದದ ಹುಟ್ಟಿನಲ್ಲಿರುವುದು ಸೇರಿಸುವ ಅರ್ಥವಲ್ಲ, ತೋರಿಸುವ ಅರ್ಥ.

ಲ್ಯಾಟಿನ್ ಭಾಷೆಯಲ್ಲಿ ‘ಮಾನ್‌ಸ್ಟ್ರಾರೆ’ ಎಂದರೆ ತೋರಿಸು. ಅದು ಹಳೆಯ ಫ್ರೆಂಚಿನಲ್ಲಿ ‘ನ’ಕಾರವನ್ನು ಕಳೆದುಕೊಂಡು ‘ಮೊಸ್ಟ್ರೆರ್’ ಆಯಿತು, ಅಲ್ಲಿಂದ ಸುಮಾರು 1300ರ ಹೊತ್ತಿಗೆ ಇಂಗ್ಲಿಷಿಗೆ ಬಂದಿತು. ಆಗಲೂ ಅದರ ಅರ್ಥ ‘ತೋರಿಸು, ಪ್ರಕಟಪಡಿಸು’ ಎಂದೇ ಇತ್ತು. ಇದೇ ಲ್ಯಾಟಿನ್ ಪದದಿಂದ ‘ಡೆಮಾನ್‌ಸ್ಟ್ರೇಟ್’ ಬಂದಿದೆ. ಇನ್ನೂ ಹಿಂದಕ್ಕೆ ಹೋದರೆ ಶಕುನ ಅಥವಾ ಅಪಶಕುನ ಎಂಬ ಅರ್ಥದ ‘ಮಾನ್‌ಸ್ಟ್ರುಮ್’ ಸಿಗುತ್ತದೆ. ‘ಮಾನ್‌ಸ್ಟರ್’ ಅದರ ಸಂತಾನ. ಅದರ ಹಿಂದಿರುವುದು ಎಚ್ಚರಿಸು, ನೆನಪಿಸು ಎಂಬ ಅರ್ಥದ ‘ಮೊನೇರೆ’. ಜನರನ್ನು ಕರೆಸುವ ‘ಸಮನ್’ ಎಂಬ ಕ್ರಿಯಾಪದವೂ ಈ ‘ಮೊನೇರೆ’ಯಿಂದಲೇ ಬಂದದ್ದಾದ್ದರಿಂದ, ‘ಸಮನ್’ ಮತ್ತು ‘ಮಸ್ಟರ್’ ದೂರದ ದಾಯಾದಿಗಳೆನ್ನಲು ಅಡ್ಡಿಯಿಲ್ಲ. ಜರ್ಮನ್ ಭಾಷೆಯಲ್ಲಿ ಈ ಕುಲದ ‘ಮುಸ್ಟರ್’ ಎಂಬ ಪದಕ್ಕೆ ಇಂದಿಗೂ ‘ಮಾದರಿ’ ಎಂಬ ಅರ್ಥವಿದೆ. ತೋರಿಸುವುದಕ್ಕಾಗಿ ಇಟ್ಟದ್ದೇ ಮಾದರಿಯಲ್ಲವೆ?

ತೋರಿಸುವ ಪದವು ಸೇರಿಸುವ ಪದವಾಗಿ ಬದಲಾದದ್ದು ಸೈನ್ಯದಲ್ಲಿ, ಸುಮಾರು 15ನೆಯ ಶತಮಾನದ ಆರಂಭದಲ್ಲಿ. ಆ ಕಾಲದ ಯೂರೋಪಿನಲ್ಲಿ ತುಕಡಿಯ ನಾಯಕನು ತನ್ನ ಕೈಕೆಳಗೆ ಇಷ್ಟು ಮಂದಿ ಇದ್ದಾರೆಂದು ಹೇಳಿ, ಅಷ್ಟು ತಲೆಗಳ ಸಂಬಳವನ್ನು ಅರಸನ ಬೊಕ್ಕಸದಿಂದ ಪಡೆಯುತ್ತಿದ್ದನು. ಬಾಯಿಮಾತನ್ನು ನಂಬಿ ಹಣ ಕೊಡಲಾಗದಾದ್ದರಿಂದ, ಸೈನಿಕರನ್ನು ಬಯಲಿನಲ್ಲಿ ಸಾಲಾಗಿ ನಿಲ್ಲಿಸಿ, ಒಬ್ಬೊಬ್ಬರ ಹೆಸರನ್ನೂ ಕೂಗಿ, ಆಯುಧ ಮತ್ತು ಕುದುರೆಗಳನ್ನು ಪರಿಶೀಲಿಸಿ, ಎಲ್ಲವನ್ನೂ ಪಟ್ಟಿಯಲ್ಲಿ ದಾಖಲಿಸುವ ಪದ್ಧತಿ ಬೆಳೆಯಿತು. ಅದೇ ‘ಮಸ್ಟರ್’, ಆ ಪಟ್ಟಿಯೇ ‘ಮಸ್ಟರ್ ರೋಲ್’. ಇಲ್ಲಿ ಜನ ಸೇರುವುದು ಕಣ್ಣಿಗೆ ಕಾಣಿಸಿಕೊಳ್ಳಲು ಮತ್ತು ಲೆಕ್ಕಕ್ಕೆ ಸಿಗಲು. ಇಲ್ಲದ ಸೈನಿಕರ ಹೆಸರಿನಲ್ಲಿ ಸಂಬಳ ಎತ್ತುವ ಮೋಸಕ್ಕೆ ‘ಫಾಲ್ಸ್ ಮಸ್ಟರ್’ ಎಂಬ ಹೆಸರೇ ಇತ್ತು. ಅದನ್ನು ತಡೆಯಲು ಇಂಗ್ಲೆಂಡಿನಲ್ಲಿ ಶಿಕ್ಷೆ ವಿಧಿಸುವ ಕಾಯಿದೆಗಳನ್ನು ಮಾಡಬೇಕಾಯಿತು. ಕೆಲಸಗಾರರ ಹಾಜರಿ ಪಟ್ಟಿಗೆ ಈ ಹೆಸರು ಏಕೆ ಒಪ್ಪುತ್ತದೆ ಎಂಬುದು ಇದರಿಂದಲೇ ತಿಳಿಯುತ್ತದೆ. ಎರಡೂ ಕಡೆ ಹಾಜರಿಗೂ ಕೂಲಿಗೂ ಬಿಡಿಸಲಾಗದ ನಂಟಿದೆ.

ಬ್ರಿಟಿಷರು ಆಸ್ಟ್ರೇಲಿಯದ ನ್ಯೂ ಸೌತ್ ವೇಲ್ಸ್‌ಗೆ ಕೈದಿಗಳನ್ನು ಸಾಗಿಸಿ ವಸಾಹತು ಕಟ್ಟಿದಾಗ, ಅಲ್ಲಿನವರನ್ನು ಗೊತ್ತಾದ ದಿನ ಗೊತ್ತಾದ ಸ್ಥಳಕ್ಕೆ ಕರೆಸಿ ಎಣಿಸುತ್ತಿದ್ದುದಕ್ಕೂ ‘ಮಸ್ಟರ್’ ಎಂದೇ ಹೆಸರು. ಮನೆಮನೆಯ ವಿವರ ಕೇಳುವ ಮೊದಲ ಜನಗಣತಿ ಅಲ್ಲಿ ನಡೆದದ್ದು 1828ರಲ್ಲಿ. ಅದಕ್ಕೂ ಮುಂಚೆ ಆಡಳಿತಕ್ಕೆ ಆಧಾರವಾಗಿದ್ದದ್ದು ಈ ಮಸ್ಟರುಗಳೇ. ಆಸ್ಟ್ರೇಲಿಯ ಮತ್ತು ನ್ಯೂಜಿಲೆಂಡುಗಳಲ್ಲಿ ಈ ಪದ ಇಂದಿಗೂ ದಿನಬಳಕೆಯಲ್ಲಿದೆ. ವಿಶಾಲವಾದ ಹುಲ್ಲುಗಾವಲುಗಳಲ್ಲಿ ಚದುರಿ ಮೇಯುವ ದನಗಳನ್ನೋ ಕುರಿಗಳನ್ನೋ ಕುದುರೆ, ನಾಯಿ, ಮೋಟರ್ ಬೈಕು, ಕೆಲವೆಡೆ ಹೆಲಿಕಾಪ್ಟರುಗಳ ನೆರವಿನಿಂದ ಒಂದೆಡೆಗೆ ಅಟ್ಟಿಕೊಂಡು ಬರುವುದಕ್ಕೆ ಅಲ್ಲಿನವರು ‘ಮಸ್ಟರಿಂಗ್’ ಎನ್ನುತ್ತಾರೆ. ಅಮೆರಿಕದವರು ಇದನ್ನೇ ‘ರೌಂಡ್ ಅಪ್’ ಎನ್ನುವರು.

ಹಡಗಿನ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಪದದ ಹಳೆಯ ಅರ್ಥ ಜೀವ ಉಳಿಸುವ ಕೆಲಸಕ್ಕೆ ಬಂದಿರುವುದು ಅಲ್ಲಿ. ಅಪಾಯದ ವೇಳೆ ಏಳು ಅಥವಾ ಹೆಚ್ಚು ಸಲ ಚಿಕ್ಕದಾಗಿ, ಬಳಿಕ ಒಮ್ಮೆ ದೀರ್ಘವಾಗಿ ಸೀಟಿ ಮೊಳಗಿದರೆ, ಪ್ರಯಾಣಿಕರು ತಮಗೆ ಗೊತ್ತುಪಡಿಸಿದ ‘ಮಸ್ಟರ್ ಸ್ಟೇಷನ್’ಗೆ ಹೋಗಿ ನಿಲ್ಲಬೇಕು. ಯಾರು ಬಂದಿದ್ದಾರೆ, ಯಾರು ಬಂದಿಲ್ಲ ಎಂಬ ಎಣಿಕೆ ಅಲ್ಲಿ ನಡೆಯುತ್ತದೆ. ಸುಮ್ಮನೆ ಗುಂಪುಗೂಡಿದರೆ ಆ ಸ್ಥಳದ ಉದ್ದೇಶವೇ ಕೆಡುತ್ತದೆ. 2012ರ ಜನವರಿ 13ರಂದು ಇಟಲಿಯ ಜಿಲಿಯೊ ದ್ವೀಪದ ಬಳಿ ‘ಕೋಸ್ಟಾ ಕಾಂಕಾರ್ಡಿಯಾ’ ಹಡಗು ಬಂಡೆಗೆ ಬಡಿದು 32 ಮಂದಿ ಸತ್ತಾಗ, ಅದೇ ಸಂಜೆ ಹತ್ತಿದ್ದ ಪ್ರಯಾಣಿಕರಿಗೆ ಈ ಅಭ್ಯಾಸವಿನ್ನೂ ನಡೆದಿರಲಿಲ್ಲ, ಏಕೆಂದರೆ ಹತ್ತಿದ 24 ಗಂಟೆಗಳೊಳಗೆ ನಡೆಸಿದರೆ ಸಾಕೆಂದು ಆಗಿನ ನಿಯಮವಿತ್ತು. ಹಡಗು ಹೊರಡುವ ಮುನ್ನ ಅಥವಾ ಹೊರಟ ಕೂಡಲೇ ಮಸ್ಟರ್ ನಡೆಯಬೇಕೆಂದು ಅಂತರರಾಷ್ಟ್ರೀಯ ನಿಯಮವನ್ನು ತಿದ್ದಲಾಯಿತು. ತಿದ್ದುಪಡಿ 2015ರ ಜನವರಿ 1ರಿಂದ ಜಾರಿಯಲ್ಲಿದೆ.

ಧೈರ್ಯ, ಶಕ್ತಿ, ಉತ್ಸಾಹಗಳನ್ನು ‘ಮಸ್ಟರ್’ ಮಾಡುವ ಪ್ರಯೋಗ 16ನೆಯ ಶತಮಾನದ ಕೊನೆಯ ಭಾಗದಿಂದ ಕಾಣಿಸುತ್ತದೆ. ಇಲ್ಲಿ ಮನುಷ್ಯನು ತನ್ನೊಳಗೇ ದಂಡು ಕರೆಯುವ ನಾಯಕನಾಗಿದ್ದಾನೆ. ಚದುರಿಹೋದ ಬಲವನ್ನು ಹೆಸರು ಹಿಡಿದು ಕರೆದು, ಎಷ್ಟಿದೆಯೆಂದು ನೋಡಿಕೊಂಡು, ಕಾರ್ಯಕ್ಕೆ ಹೊರಡಿಸುತ್ತಾನೆ. ಹೀಗಾಗಿ ಈ ಪ್ರಯೋಗದ ಹಿಂದೆ ಯಾವಾಗಲೂ ಒಂದು ಪ್ರಯಾಸ ಇರುತ್ತದೆ, ಎಷ್ಟೋ ಸಲ ಕೊರತೆಯ ಅಳುಕೂ ಇರುತ್ತದೆ. ಇಂಗ್ಲಿಷ್ ಬರಹಗಾರರು ‘ಕುಡ್’ ಎಂಬ ಸಹಾಯಕ ಕ್ರಿಯಾಪದವನ್ನು ಇದರ ಜೊತೆ ಪದೇ ಪದೇ ತರುವುದಕ್ಕೆ ಕಾರಣ ಇದೇ ಎಂದು ನನಗನ್ನಿಸುತ್ತದೆ: ‘ಆತ ಒಗ್ಗೂಡಿಸಿಕೊಳ್ಳಬಲ್ಲಷ್ಟು ಧೈರ್ಯದಿಂದ’ ಎಂದಾಗ, ಆ ಧೈರ್ಯ ಅಷ್ಟೇನೂ ದೊಡ್ಡದಿರಲಿಲ್ಲ ಎಂಬುದೂ ತಿಳಿಯುತ್ತದೆ. ಕನ್ನಡದಲ್ಲಿ ‘ಧೈರ್ಯ ತಂದುಕೊಂಡು’, ‘ಎದೆ ಗಟ್ಟಿಮಾಡಿಕೊಂಡು’ ಎಂದರೆ ಈ ಭಾವ ಸಹಜವಾಗಿಯೇ ಬರುತ್ತದೆ. ‘ಧೈರ್ಯವನ್ನು ಸಂಗ್ರಹಿಸಿ’ ಎಂದು ಬರೆಯುವುದು ನನಗೆ ಒಪ್ಪಿಗೆಯಾಗದು. ಬೆಂಬಲ, ಮತ, ಬಹುಮತಗಳ ವಿಷಯದಲ್ಲಿಯೂ ಹೀಗೆಯೇ. ತಲೆ ಎಣಿಸಿ ತೋರಿಸಲೇಬೇಕಾದ ಸಂದರ್ಭ ಅದಾದ್ದರಿಂದ ಪತ್ರಕರ್ತರು ಆರಿಸಿಕೊಂಡಿರುವ ಪದ ಸರಿಯಾಗಿದೆ.

ಈಗ ನಿಮ್ಮ ಕೊನೆಯ ಪ್ರಶ್ನೆ. ಹೂವನ್ನು, ಅಂಚೆಚೀಟಿಯನ್ನು, ಒಣಗಿದ ಬಟ್ಟೆಯನ್ನು, ಸುದ್ದಿಯನ್ನು ‘ಮಸ್ಟರ್’ ಮಾಡಲಾಗದು. ಅಲ್ಲಿ ‘ಗ್ಯಾದರ್’ ಅಥವಾ ‘ಕಲೆಕ್ಟ್’ ಸಾಕು. ಸಭೆ ಕರೆಯುವುದಕ್ಕೆ ‘ಕನ್ವೀನ್’ ಇದೆ. ಜನ ತಾವಾಗಿಯೇ ಬಂದು ಕೂಡುವುದಕ್ಕೆ ‘ಕಾಂಗ್ರಿಗೇಟ್’ ಇದೆ. ಅದರ ಒಡಲಲ್ಲಿ ಮಂದೆ ಎಂಬ ಅರ್ಥದ ಲ್ಯಾಟಿನ್ ಪದವಿದೆ. ಕರೆಯುವವರು, ಕರೆಗೆ ಓಗೊಡಬೇಕಾದ ಬಲ, ಮುಂದೆ ಮಾಡಬೇಕಾದ ಕಾರ್ಯ ಈ ಮೂರೂ ಕೂಡಿದಲ್ಲಿ ‘ಮಸ್ಟರ್’ ಬಳಸಿರಿ. ‘ಸೈನಿಕರು ಮೈದಾನದಲ್ಲಿ ನೆರೆದರು’ ಎಂಬಂಥ ಅಕರ್ಮಕ ಪ್ರಯೋಗಕ್ಕೂ ಅವಕಾಶವಿದೆ. ನಾಮಪದವಾಗಿ ಇದಕ್ಕೆ ಒಂದು ಚೆಲುವಾದ ಬಳಕೆಯೂ ಉಂಟು: 1486ರಲ್ಲಿ ಇಂಗ್ಲೆಂಡಿನ ಸೇಂಟ್ ಆಲ್ಬನ್ಸ್‌ನಲ್ಲಿ ಅಚ್ಚಾದ ಬೇಟೆಯ ಕೈಪಿಡಿಯಲ್ಲಿ ನವಿಲುಗಳ ಹಿಂಡನ್ನು ‘ಮಸ್ಟರ್’ ಎಂದು ಕರೆದಿದೆ. ಗರಿಗೆದರಿ ತೋರಿಸಿಕೊಳ್ಳುವ ಹಕ್ಕಿಗೆ ‘ತೋರಿಸು’ ಎಂಬ ಮೂಲದ ಹೆಸರು ಎಷ್ಟು ಚೆನ್ನಾಗಿ ಹೊಂದುತ್ತದೆ!

ಪ್ರಶ್ನೆ: ‘ಪಾಸ್ ಮಸ್ಟರ್’ ಮತ್ತು ‘ಕಟ್ ದ ಮಸ್ಟರ್ಡ್’ ಎರಡೂ ಒಂದೇ ನುಡಿಗಟ್ಟಿನ ರೂಪಗಳೆಂದು ಓದಿದ್ದೇನೆ. ಹೌದೆ? ‘ಮಸ್ಟರ್ ರೋಲ್’ ಸರಿಯೋ, ‘ಮಾಸ್ಟರ್ ರೋಲ್’ ಸರಿಯೋ?

ಉತ್ತರ: ಅರ್ಥ ಹತ್ತಿರದ್ದು, ಹುಟ್ಟು ಬೇರೆ. ಸೇನಾ ತಪಾಸಣೆಯಲ್ಲಿ ಕುಂದಿಲ್ಲವೆಂದು ತೇರ್ಗಡೆಯಾಗುವುದೇ ‘ಪಾಸ್ ಮಸ್ಟರ್’. 16ನೆಯ ಶತಮಾನದಿಂದ ಬಳಕೆಯಲ್ಲಿದೆ. ಅದು ಹೇಳುವುದು ಕನಿಷ್ಠ ಮಟ್ಟವನ್ನು ಮುಟ್ಟಿದ್ದನ್ನು ಮಾತ್ರ, ಶ್ರೇಷ್ಠತೆಯನ್ನಲ್ಲ. ಆದ್ದರಿಂದ ಉತ್ತಮ ಕೃತಿಯೊಂದನ್ನು ಹೊಗಳಲು ಅದನ್ನು ಬಳಸಬೇಡಿರಿ. ‘ಕಟ್ ದ ಮಸ್ಟರ್ಡ್’ ಅಮೆರಿಕದಲ್ಲಿ 19ನೆಯ ಶತಮಾನದ ಕೊನೆಯ ಭಾಗದಲ್ಲಿ ಕಾಣಿಸಿಕೊಂಡದ್ದು. ಅದು ‘ಮಸ್ಟರ್’ನ ಅಪಭ್ರಂಶವೆಂಬ ವಾದಕ್ಕೆ ಆಧಾರವಾಗಬಲ್ಲ ಹಳೆಯ ಪ್ರಯೋಗಗಳಿಲ್ಲ. ಇನ್ನು ‘ಮಾಸ್ಟರ್’ ಪದವು ಯಜಮಾನ, ಗುರು ಎಂಬ ಅರ್ಥದ ‘ಮಜಿಸ್ಟರ್’ ಎಂಬ ಬೇರೆಯೇ ಲ್ಯಾಟಿನ್ ಪದದಿಂದ ಬಂದದ್ದು. ಹಾಜರಿ ಪಟ್ಟಿಗೆ ‘ಮಸ್ಟರ್ ರೋಲ್’ ಎಂಬುದೇ ಸರಿಯಾದ ರೂಪ.