ಒಣಖಂಡಕ್ಕೆ ಬೂಷ್ಟು ಬಂದದ್ದು ಉಪ್ಪಿನಿಂದಲೇ ಅಲ್ಲ

ಮೂರು ದಿನ ಬಿಸಿಲಿಗೆ ಹಾಕಿದ ಕುರಿಯ ಒಣಖಂಡಕ್ಕೆ ಡಬ್ಬಿಯಲ್ಲಿ ಬೂಷ್ಟು ಬಂದಿದೆ, ಉಪ್ಪು ಕಡಿಮೆಯಾಯಿತೇ ಎಂದು ಕೇಳಿದ್ದೀರಿ. ತುಂಡುಗಳು ಹೆಬ್ಬೆರಳಿನಷ್ಟು ದಪ್ಪ ಇದ್ದವು ಎಂದೂ ಬರೆದಿದ್ದೀರಿ. ನನ್ನ ಅನುಮಾನ ಆ ದಪ್ಪದ ಮೇಲೆಯೇ. ಅಂಥ ತುಂಡಿನ ಹೊರಪದರ ಬೇಗ ಗಟ್ಟಿಯಾಗಿ ಒಳಗಿನ ನೀರನ್ನು ತಡೆದು ನಿಲ್ಲಿಸುತ್ತದೆ. ಡಬ್ಬಿ ಮುಚ್ಚಿದ ಮೇಲೆ ಆ ತೇವ ನಿಧಾನವಾಗಿ ಮೇಲ್ಮೈಗೆ ಬರುತ್ತದೆ. ಬೂಷ್ಟಿಗೆ ಅಷ್ಟೇ ಸಾಕು.

ಅರ್ಧ ಸೆಂಟಿಮೀಟರಿಗಿಂತ ತೆಳುವಾದ ಪಟ್ಟಿಗಳಾಗಿ ಸೀಳಿ. ಕೊಬ್ಬನ್ನು ತೆಗೆಯಲೇಬೇಕು: ಅದು ಒಣಗುವುದಿಲ್ಲ, ಗಾಳಿ ತಾಗಿ ಕಮಟು ಹಿಡಿಯುತ್ತದೆ. ಕಿಲೋಗೆ ಸುಮಾರು 50 ಗ್ರಾಂ ಉಪ್ಪು, ಜೊತೆಗೆ ಅರಿಸಿನ ಸವರಿ, ದಾರಕ್ಕೆ ಪೋಣಿಸಿ, ನೊಣ ಕೂರದಂತೆ ತೆಳುಬಟ್ಟೆಯ ಮರೆಯಲ್ಲಿ ಕಟ್ಟಿ. ಸಂಜೆ ಇಬ್ಬನಿ ಬೀಳುವ ಮೊದಲೇ ಒಳಗೆ ತನ್ನಿ. ಬಗ್ಗಿಸಿದರೆ ಬಿರುಕು ಬಿಡುವವರೆಗೂ ಡಬ್ಬಿಗೆ ತುಂಬಬೇಡಿ.

ಮೋಡದ ದಿನಗಳಲ್ಲಿ ಬಿಸಿಲನ್ನು ನಂಬಿ ಕೂರಬೇಡಿ. ಮಳೆ ಬಿಡದ ಕೊಡಗಿನಲ್ಲಿ ಮಾಂಸವನ್ನು ಸೌದೆ ಒಲೆಯ ಮೇಲೆ ತೂಗುಹಾಕುವುದು ಇದಕ್ಕೇ. ಒಲೆಯ ಕಾವು ನೀರನ್ನು ಸೆಳೆಯುತ್ತದೆ, ಹೊಗೆಯಲ್ಲಿರುವ ಫಿನಾಲ್‌ಗಳೆಂಬ ರಾಸಾಯನಿಕಗಳು ಸೂಕ್ಷ್ಮಾಣುಗಳನ್ನೂ ಕಮಟನ್ನೂ ತಡೆಯುತ್ತವೆ. ನಿಮ್ಮ ಮನೆಯಲ್ಲಿ ಸೌದೆ ಒಲೆ ಇದ್ದರೆ ನಾನು ಅದನ್ನೇ ಆರಿಸುತ್ತೇನೆ.

ಒಣಗಿಸಿದ ಮಾತ್ರಕ್ಕೆ ಎಲ್ಲ ರೋಗಾಣುಗಳೂ ಸಾಯುವುದಿಲ್ಲ. ಸಾರಿಗೆ ಹಾಕುವಾಗ ಚೆನ್ನಾಗಿ ಬೇಯಿಸಿ. ಈಗ ಬೂಷ್ಟು ಹಿಡಿದಿರುವುದನ್ನು ಮಾತ್ರ ತೊಳೆದು ಉಳಿಸಿಕೊಳ್ಳಲು ಹೋಗಬೇಡಿ. ಕೆಲವು ಬೂಷ್ಟುಗಳ ವಿಷ ಕುದಿಸಿದರೂ ಹೋಗುವುದಿಲ್ಲ, ಪೂರ್ತಿ ಎಸೆದುಬಿಡಿ.